ಎಬ್ಬಿಸಿದ ಹಕ್ಕಿ, ಹಾರಿದ ಹಕ್ಕಿ

"ಅಣ್ಣಾ, ಕಲ್ಲು ಹಾಕ್ಲಾ?"

ಹೋದ ಡಿಸೆಂಬರಿನ ಒಂದು ಭಾನುವಾರ ಬೆಳಗ್ಗೆ ಏಳೂವರೆ ಹೊತ್ತಿಗೆ, ವಾಣಿವಿಲಾಸ ಸಾಗರದ ಹಿನ್ನೀರಿನ ದಂಡೆಯಲ್ಲಿ ಹನ್ನೊಂದು ಹನ್ನೆರಡು ವರ್ಷದ ಹುಡುಗನೊಬ್ಬ ನನ್ನನ್ನ ಹೀಗೆ ಕೇಳಿದ. ಕೈಯಲ್ಲಿ ಕಲ್ಲು ರೆಡಿ ಇತ್ತು. ನೀರಿನಂಚಲ್ಲಿ ಮೂವತ್ತು ನಲವತ್ತು ಬಾತುಗಳು ರೆಕ್ಕೆ ತೀಡಿಕೊಳ್ತಾ ಬಿಸಿಲು ಕಾಯ್ತಾ ಇದ್ವು. ನಾನು ಇನ್ನೂ ಟ್ರೈಪಾಡ್ ಬಿಚ್ಚಿರಲಿಲ್ಲ.

"ಯಾಕಪ್ಪಾ?" ಅಂದೆ.

"ಹಾರ್ತಾವಲ್ಲ. ಹಾರಿದ್ರೆ ತಾನೇ ನೀವು ಪೋಟ ತೆಗೆಯೋದು? ಹೋದ್ವಾರ ಬೆಂಗ್ಳೂರಿನೋರು ಬಂದಿದ್ರು, ಮೂರು ಸಲ ಹಾಕಿಸಿದ್ರು. ಐವತ್ತು ರೂಪಾಯಿ ಕೊಟ್ರು."

ಈ ಹುಡುಗನಿಗೆ ನಮ್ಮ ಹವ್ಯಾಸದ ಬಗ್ಗೆ ಇರೋ ತಿಳುವಳಿಕೆ ಇಷ್ಟೇ: ದೂರದಿಂದ ಕಾರಲ್ಲಿ ಬರ್ತಾರೆ, ದೊಡ್ಡ ಲೆನ್ಸ್ ತೆಗೀತಾರೆ, ಕೂತ ಹಕ್ಕಿ ಅವರಿಗೆ ಬೇಡ, ಅದನ್ನ ಎಬ್ಬಿಸಿಕೊಟ್ಟರೆ ದುಡ್ಡು ಕೊಡ್ತಾರೆ. ಅವನು ತಪ್ಪು ತಿಳ್ಕೊಂಡಿದ್ದಾನೆ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಯಾಕಂದ್ರೆ ಅವನು ತಪ್ಪು ತಿಳ್ಕೊಂಡಿಲ್ಲ. ನೋಡಿ ಕಲಿತಿದ್ದಾನೆ. ಕಲಿಸಿದವರು ನಾವು.

ಹಾಗಾಗಿ ಸುತ್ತಿ ಬಳಸದೆ ಹೇಳ್ತೀನಿ. ನೀವು ಕಲ್ಲು ಹೊಡೆದು, ಚಪ್ಪಾಳೆ ತಟ್ಟಿ, ಕಾರು ನುಗ್ಗಿಸಿ, ಡ್ರೋನ್ ಬಿಟ್ಟು, ಅಥವಾ ಬರೀ ಹತ್ತಿರ ಹೋಗಿ ಹೋಗಿ ಎಬ್ಬಿಸಿದ ಹಕ್ಕಿಯ ಫೋಟೋ 'ಫ್ಲೈಟ್ ಶಾಟ್' ಅಲ್ಲ. ಅದು ಹೆದರಿದ ಪ್ರಾಣಿಯ ಫೋಟೋ. ಇನ್ನೂ ಒಂದು ಮಾತು. ನೂರಕ್ಕೆ ತೊಂಬತ್ತು ಸಲ ಅದು ಕೆಟ್ಟ ಫೋಟೋ ಕೂಡ ಹೌದು. ಉಳಿದ ಹತ್ತರ ಕಥೆ ಇನ್ನೂ ಕೆಟ್ಟದ್ದು, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಕೆಟ್ಟ ಫೋಟೋ ಯಾಕೆ ಅಂತ ನೋಡೋಣ. ಹೆದರಿದ ಹಕ್ಕಿ ಎಲ್ಲಿಗೆ ಹಾರುತ್ತೆ? ನಿಮ್ಮಿಂದ ದೂರಕ್ಕೆ. ಅಂದ್ರೆ ನಿಮಗೆ ಸಿಗೋದು ಬಾಲ, ಬೆನ್ನು, ಮಡಚಿದ ಕಾಲು. ಮುಖ ಆಚೆ ಕಡೆ, ಕಣ್ಣು ಕಾಣಲ್ಲ. ಗುಂಪು ಎದ್ದರಂತೂ ಒಂದರ ಮೇಲೊಂದು ಬಿದ್ದು, ಯಾವ ರೆಕ್ಕೆ ಯಾವ ಹಕ್ಕಿದು ಅಂತ ಗೊತ್ತಾಗಲ್ಲ. ಇಂಥ ಫೋಟೋ ಹಾಕಿ, "ಕಂಪೋಸಿಷನ್ ಹೇಗೆ ಸುಧಾರಿಸೋದು, ಸಲಹೆ ಕೊಡಿ" ಅಂತ ಕೇಳೋರನ್ನ ದಿನಾ ನೋಡ್ತೀನಿ. ಕೆಳಗೆ ಉತ್ತರಗಳ ಸಾಲು: ಮುಂದೆ ಜಾಗ ಬಿಡಿ, ರೂಲ್ ಆಫ್ ಥರ್ಡ್ಸ್ ನೋಡಿ, ಬಲಕ್ಕೆ ಕ್ರಾಪ್ ಮಾಡಿ. ಬಲಕ್ಕೆ ಕ್ರಾಪ್ ಮಾಡಿದ್ರೆ ಬಾಲ ಹೋಗಿ ಮುಖ ಬರುತ್ತಾ? ಈ ರೋಗ ಕ್ರಾಪ್ ಮಾಡೋ ಹೊತ್ತಿಗೆ ಹತ್ತಿದ್ದಲ್ಲ, ಕಲ್ಲು ಎತ್ತಿಕೊಂಡಾಗಲೇ ಹತ್ತಿದ್ದು.

ಹಾರೋ ಹಕ್ಕಿಯ ಕಂಪೋಸಿಷನ್ ಅಂದ್ರೆ ಏನು ಅಂತ ನನಗೆ ಅರ್ಥ ಆಗೋಕೆ ಆರು ವರ್ಷ ಹಿಡೀತು. ಅದು ಗಾಳಿ, ಬಿಸಿಲು, ನಿಂತ ಜಾಗ, ಈ ಮೂರರ ಲೆಕ್ಕ. ಹಕ್ಕಿ ಏಳೋದೂ ಇಳಿಯೋದೂ ಗಾಳಿಗೆ ಎದುರಾಗಿ, ವಿಮಾನದ ಥರಾನೇ. ಹಾಗಾಗಿ ಗಾಳಿ ನಿಮ್ಮ ಬೆನ್ನಿಗೆ ಬೀಸ್ತಾ ಇದ್ದರೆ, ಇಳಿಯೋ ಹಕ್ಕಿಯ ಮುಖ ನಿಮ್ಮ ಕಡೆಗಿರುತ್ತೆ. ಬಿಸಿಲೂ ಬೆನ್ನಿಗಿದ್ದರೆ ಆ ಮುಖದ ಮೇಲೆ ಬೆಳಕಿರುತ್ತೆ. ಎರಡೂ ಒಟ್ಟಿಗೆ ಬೆನ್ನಿಗೆ ಸಿಗೋ ಹೊತ್ತು ಯಾವುದು ಅಂತ ಹುಡುಕೋದೇ ಅರ್ಧ ಕೆಲಸ. ನಮ್ಮ ಕಡೆ ಚಳಿಗಾಲದಲ್ಲಿ ಹೆಚ್ಚಾಗಿ ಮೂಡಗಾಳಿ. ಬೆಳಗಿನ ಬಿಸಿಲೂ ಮೂಡಣದ್ದೇ. ಅಂದ್ರೆ ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಹೋಗಿ, ನೀರಿನ ಪೂರ್ವ ದಂಡೇಲಿ ಕೂತ್ಕೊಳ್ಳಿ. ಮಳೆಗಾಲದಲ್ಲಿ ಗಾಳಿ ಪಡುವಣದ್ದು. ಆಗ ಸಂಜೆ ಹೋಗಿ, ಪಶ್ಚಿಮ ದಂಡೇಲಿ ಕೂತ್ಕೊಳ್ಳಿ. ಗಾಳಿ ಯಾವ ಕಡೆಯದು ಅಂತ ತಿಳಿಯೋಕೆ ಚಿತ್ರದುರ್ಗದೋರಿಗೆ ಆಪ್ ಬೇಕಾ? ಗುಡ್ಡದ ಮೇಲಿನ ಫ್ಯಾನು ನೋಡಿ. ಅದರ ಮುಖ ಗಾಳಿ ಬರೋ ಕಡೆಗೇ ತಿರುಗಿರುತ್ತೆ.

ಮುಂದಿನದು ಹಕ್ಕಿಯ ಅಭ್ಯಾಸ. ಕಳ್ಳಿಪೀರ ಒಂದು ಕಡ್ಡಿಯಿಂದ ಹಾರಿ ಹುಳ ಹಿಡಿದು, ಹೆಚ್ಚಿನ ಸಲ ಅದೇ ಕಡ್ಡಿಗೆ ವಾಪಸ್ ಬರುತ್ತೆ. ಕಡ್ಡಿಗೆ ಫೋಕಸ್ ಇಟ್ಟು, ಅದರ ಮುಂದೆ ಎರಡಡಿ ಖಾಲಿ ಬಿಟ್ಟು ಕಾದರೆ ಸಾಕು. ರಾಮದಾಸ ಹದ್ದು ಬಯಲ ಮೇಲೆ ಒಂದೇ ಕಡೆ ರೆಕ್ಕೆ ಬಡೀತಾ ನಿಲ್ಲುತ್ತೆ. ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ಅದೇ ಕೆಲಸ ಮಾಡುತ್ತೆ. ರೀವಗಳು ಮೀನು ಹುಡುಕ್ತಾ ದಂಡೆಗುಂಟ ಒಂದೇ ದಾರೀಲಿ ಹೋಗಿ ಬಂದು ಮಾಡ್ತವೆ. ಮೊದಲ ಸುತ್ತಲ್ಲಿ ನೀವು ತಪ್ಪಿಸಿಕೊಂಡರೆ ಐದು ನಿಮಿಷಕ್ಕೆ ಎರಡನೇ ಸುತ್ತು ಇದ್ದೇ ಇರುತ್ತೆ. ಬೆಳ್ಳಕ್ಕಿಗಳು ಸಂಜೆ ಮರಕ್ಕೆ ಹಿಂದಿರುಗೋ ಗೆರೆ ದಿನಾ ಹೆಚ್ಚುಕಮ್ಮಿ ಒಂದೇ. ಹೊಳಲ್ಕೆರೆ ಕಡೆ ಉಳುಮೆ ನಡೆಯೋವಾಗ ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳು ತಾವಾಗೇ ಎದ್ದು ಕೂತು ಮಾಡ್ತಾ ಇರ್ತವೆ. ಉತ್ತ ಮಣ್ಣಿನ ಹಿನ್ನೆಲೆ, ಬಿಳಿ ರೆಕ್ಕೆ, ಹಿಂದೆ ಅಡಿಕೆ ತೋಟದ ಸಾಲು. ಯಾರನ್ನೂ ಎಬ್ಬಿಸೋದು ಬೇಡ. ಬಿಳಿ ಹಕ್ಕಿ, ಕಡು ಹಿನ್ನೆಲೆ ಅಂದ್ರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಕಡಿಮೆ ಮಾಡಿ, ಇಲ್ಲಾಂದ್ರೆ ಗರಿಗಳೆಲ್ಲ ಸುಣ್ಣ ಬಳಿದಂಗೆ ಆಗುತ್ತೆ. ಅದೇ ಬಿಳಿ ಮೋಡದ ಮುಂದೆ ಹಾರೋ ಹದ್ದಿಗೆ ಒಂದು ಸ್ಟಾಪ್ ಹೆಚ್ಚು ಮಾಡಿ, ಇಲ್ಲಾಂದ್ರೆ ಬರೀ ಕಪ್ಪು ನೆರಳು ಸಿಗುತ್ತೆ. ಶಟರ್ ಸ್ಪೀಡ್ 1/2000ರಿಂದ 1/3200. ರೆಕ್ಕೆ ಪೂರ್ತಿ ಮೇಲೆ ಅಥವಾ ಪೂರ್ತಿ ಕೆಳಗೆ ಇರೋ ಫ್ರೇಮ್ ಇಟ್ಕೊಳ್ಳಿ, ಮಧ್ಯದ್ದು ಬಿಸಾಕಿ.

ಇನ್ನು ಕೋಟೆ. ಹಾರೋ ಹಕ್ಕಿಯನ್ನ ಕೆಳಗಿನಿಂದ ತೆಗೆದರೆ ಹೊಟ್ಟೆ ಮಾತ್ರ ಸಿಗುತ್ತೆ ಅನ್ನೋದು ಎಲ್ಲರ ಗೋಳು. ಚಿತ್ರದುರ್ಗದ ಏಳುಸುತ್ತಿನ ಕೋಟೇಲಿ ತುಪ್ಪದ ಕೊಳದ ಎತ್ತರಕ್ಕೆ ಹತ್ತಿ ಹನ್ನೊಂದು ಗಂಟೆಗೆ ಕೂತ್ಕೊಳ್ಳಿ. ಬಂಡೆ ಕಾದು ಬಿಸಿಗಾಳಿ ಏಳೋಕೆ ಶುರುವಾದಾಗ ಹದ್ದುಗಳು ಅದರ ಮೇಲೆ ಸುತ್ತು ಹಾಕ್ತಾ ಮೇಲೇರ್ತವೆ. ಏರೋ ದಾರೀಲಿ ಒಂದು ಸುತ್ತು ನಿಮ್ಮ ಕಣ್ಣಿನ ಮಟ್ಟದಲ್ಲೇ ಬರುತ್ತೆ. ಒಮ್ಮೊಮ್ಮೆ ನಿಮಗಿಂತ ಕೆಳಗೂ ಬರುತ್ತೆ, ಆಗ ಹಿನ್ನೆಲೆಗೆ ಆಕಾಶದ ಬದಲು ಬಂಡೆ, ಬತೇರಿ, ಕೋಟೆಗೋಡೆ. ನಾನು ತೆಗೆದ ಹಾರೋ ಹಕ್ಕಿ ಫೋಟೋಗಳಲ್ಲಿ ಇವತ್ತಿಗೂ ನನಗೆ ನಾಚಿಕೆ ಆಗದೇ ಇರೋವು ಅಲ್ಲಿಯವು. ಅದಕ್ಕೆ ನಾನು ಹಕ್ಕಿಗೆ ಏನೂ ಮಾಡಿಲ್ಲ. ಟಿಕೆಟ್ ತಗೊಂಡು ಬೆಟ್ಟ ಹತ್ತಿದ್ದೇನೆ ಅಷ್ಟೇ.

ಇಲ್ಲಿವರೆಗೂ ತಲೆ ಆಡಿಸಿಕೊಂಡು ಬಂದಿದ್ದೀರಿ ಅನ್ಕೋತೀನಿ. ಈಗ ಆ ಉಳಿದ ಹತ್ತಕ್ಕೆ ಬರೋಣ.

ಕೆಲವು ಹಕ್ಕಿಗಳು ಎಬ್ಬಿಸಿದರೆ ದೂರ ಹೋಗಲ್ಲ. ನಿಮ್ಮ ಕಡೆಗೇ ಬರ್ತವೆ. ನಾಲ್ಕು ವರ್ಷದ ಹಿಂದೆ, ಏಪ್ರಿಲ್ ತಿಂಗಳು, ಹೊಸದುರ್ಗ ತಾಲ್ಲೂಕಿನ ಕಡೆಯ ಹಿನ್ನೀರಿನ ದಂಡೆ. ನಾನು ಒಂದು ಖಾಸಗಿ ವರ್ಕ್‌ಶಾಪಿಗೆ ದುಡ್ಡು ಕಟ್ಟಿ ಹೋಗಿದ್ದೆ. ಹೆಸರು ಬೇಡ, ಅಂಥವು ಬೇಕಾದಷ್ಟಿವೆ. ಹೇಳಿಕೊಡೋರು ಒಂದು ಟಿಟ್ಟಿಭ ತೋರಿಸಿದ್ರು. ಅದೇ, ನಮ್ಮ ಕಡೆ ತೇನೆ ಹಕ್ಕಿ ಅಂತಾರಲ್ಲ, ಆಕಾಶ ಬಿದ್ದರೆ ಹಿಡ್ಕೊಳ್ಳೋಣ ಅಂತ ಕಾಲು ಮೇಲೆ ಮಾಡಿ ಮಲಗುತ್ತೆ ಅನ್ನೋ ಕಥೆ ಇದೆಯಲ್ಲ, ಆ ಹಕ್ಕಿ. "ಮೆಲ್ಲಗೆ ಅದರ ಕಡೆ ನಡೀರಿ, ಎದ್ದು ನಿಮ್ಮ ಮೇಲೇ ಸುತ್ತು ಹಾಕುತ್ತೆ, ಒಳ್ಳೇ ಆಕ್ಷನ್ ಸಿಗುತ್ತೆ" ಅಂದ್ರು. ನಡೆದೆ. ಎದ್ದಿತು. ಕೂಗ್ತಾ ಕೂಗ್ತಾ ನನ್ನ ತಲೆ ಮೇಲೇ ಸುತ್ತಿತು, ಒಂದಲ್ಲ, ಜೋಡಿ. ಮುಕ್ಕಾಲು ಗಂಟೆ. ನಾನೂರು ಚಿಲ್ಲರೆ ಫ್ರೇಮ್. ಒಂದರಲ್ಲಿ ಹಕ್ಕಿ ನೇರ ಕ್ಯಾಮೆರಾ ಕಡೆ ಬರ್ತಾ ಇದೆ, ಎರಡೂ ರೆಕ್ಕೆ ಮೇಲೆ, ಬಾಯಿ ಪೂರ್ತಿ ತೆರೆದಿದೆ, ಕಣ್ಣಿನ ಸುತ್ತಲ ಕೆಂಪು ಹೊಳೀತಾ ಇದೆ.

ಕುಣಿದುಬಿಟ್ಟೆ. ಹಿಂದಿನಿಂದ ಒಬ್ಬ ಕುರಿ ಕಾಯೋ ಅಜ್ಜ ನೋಡ್ತಾ ನಿಂತಿದ್ದ.

"ಪಟ ಸಿಕ್ತಾ ಸ್ವಾಮಿ?"

"ಸಿಕ್ತು ಅಜ್ಜ, ನೋಡು ಬಾ" ಅಂತ ಕ್ಯಾಮೆರಾ ಸ್ಕ್ರೀನ್ ತೋರಿಸೋಕೆ ಹೋದೆ.

ಅವನು ನೋಡಲಿಲ್ಲ. ಕೋಲಿಂದ ನೆಲ ತೋರಿಸಿದ. "ಮೊದ್ಲು ಆ ಕಡೆ ಸರ್ಕಂಡು ನಿಂತ್ಕಳ್ರಿ. ಮೊಟ್ಟೆ ಐತೆ ಅಲ್ಲಿ. ನೀವು ಬಂದಾಗ್ಲಿಂದ ಅದು ಬಾಯಿ ಬಡ್ಕಂತೈತೆ, ಕೇಳಿಸ್ಲಿಲ್ವಾ?"

ನನ್ನ ಟ್ರೈಪಾಡಿನ ಕಾಲಿಂದ ಎಂಟು ಅಡಿ ದೂರದಲ್ಲಿ, ಬೆಣಚುಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ.

ತೇನೆ ಹಕ್ಕಿ ಗೂಡು ಕಟ್ಟಲ್ಲ, ನೆಲದಲ್ಲಿ ಒಂದು ಸಣ್ಣ ಗುಂಡಿ ಮಾಡಿ ಮೊಟ್ಟೆ ಇಡುತ್ತೆ. ಬೇಸಿಗೇಲಿ ಅದು ಮೊಟ್ಟೆ ಮೇಲೆ ಕೂರೋದು ಕಾವು ಕೊಡೋಕೆ ಮಾತ್ರ ಅಲ್ಲ, ನೆರಳು ಕೊಡೋಕೆ. ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತೆ. ಏಪ್ರಿಲ್ ತಿಂಗಳ ಹೊಸದುರ್ಗದ ಬಿಸಿಲು ಹೇಗಿರುತ್ತೆ ಅಂತ ಗೊತ್ತಿರೋರಿಗೆ ಗೊತ್ತು. ಆ ಬಿಸಿಲಲ್ಲಿ ಮುಕ್ಕಾಲು ಗಂಟೆ ನಾನು ಅದನ್ನ ಆಕಾಶದಲ್ಲಿ ಇಟ್ಟಿದ್ದೆ. ಮೊಟ್ಟೆಗಳು ಆಮೇಲೆ ಏನಾದ್ವು ಅಂತ ತಿಳ್ಕೊಳ್ಳೋಕೆ ನಾನು ವಾಪಸ್ ಹೋಗಲಿಲ್ಲ. ಧೈರ್ಯ ಇರಲಿಲ್ಲ ಅಂತಲೇ ಇಟ್ಕೊಳ್ಳಿ.

ನನ್ನ ವಾದಕ್ಕೆ ತೊಡಕು ಇರೋದು ಇಲ್ಲೇ, ಮುಚ್ಚಿಡಲ್ಲ. ಆ ಫೋಟೋದ ಕಂಪೋಸಿಷನ್ನಲ್ಲಿ ತಪ್ಪು ಹುಡುಕೋಕೆ ಆಗಲ್ಲ. ಕಣ್ಣು ಚೂಪಾಗಿದೆ, ಬೆಳಕು ಸರಿಯಾಗಿದೆ, ಹಕ್ಕಿ ಫ್ರೇಮಿನ ಒಳಕ್ಕೆ ಬರ್ತಿದೆ. ಒಂಬೈನೂರು ಲೈಕು ಬಂತು. ನಮ್ಮ ಆಫೀಸಿನ ಕ್ಯಾಲೆಂಡರಿಗೆ ಏಪ್ರಿಲ್ ತಿಂಗಳ ಚಿತ್ರ ಅದೇ ಆಯ್ತು. ಪಕ್ಕದ ಟೀಮಿನವರೊಬ್ಬರು ಅದರ ಮುಂದೆ ನಿಂತು "ಎಂಥಾ ಎಕ್ಸ್‌ಪ್ರೆಷನ್ ಮಾರಾಯ" ಅಂದಾಗ ನಾನು ಥ್ಯಾಂಕ್ಸ್ ಹೇಳಿದೆ. ಆ ಎಕ್ಸ್‌ಪ್ರೆಷನ್ ಏನು ಅಂತ ನನಗೆ ಗೊತ್ತಿತ್ತು. ಅವರಿಗೆ ಗೊತ್ತಿರಲಿಲ್ಲ.

ಅಂದ್ರೆ 'ಒಳ್ಳೇ ಫೋಟೋ ಬೇಕಾದ್ರೆ ಹಕ್ಕಿಗೆ ತೊಂದರೆ ಕೊಡಬೇಡಿ' ಅನ್ನೋ ಬುದ್ಧಿವಾದ ಅರ್ಧ ದಾರಿಗೆ ಮಾತ್ರ ಸಾಕಾಗುತ್ತೆ. ಒಮ್ಮೊಮ್ಮೆ ತೊಂದರೆ ಕೊಟ್ಟರೇ ಒಳ್ಳೇ ಫೋಟೋ ಬರುತ್ತೆ. ಅಲ್ಲಿ ನಮ್ಮನ್ನ ತಡೆಯೋದು ಕಂಪೋಸಿಷನ್ ನಿಯಮ ಅಲ್ಲ, ಇನ್ನೇನೋ ಬೇಕು. ಆ ಇನ್ನೇನೋ ಕಾನೂನಿನಲ್ಲಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ 'ಬೇಟೆ' ಅನ್ನೋ ಪದಕ್ಕೆ ಕೊಡೋ ವ್ಯಾಖ್ಯೆಯಲ್ಲಿ ಕಾಡುಹಕ್ಕಿಗಳ ಮೊಟ್ಟೆಗೋ ಗೂಡಿಗೋ ತೊಂದರೆ ಮಾಡೋದೂ ಸೇರಿದೆ. ಬಂದೂಕು ಇರಲೇಬೇಕು ಅಂತಿಲ್ಲ. ನಾನು ಆವತ್ತು ಮಾಡಿದ್ದನ್ನ ಹವ್ಯಾಸ ಅಂತ ಕರೆದಿದ್ದೆ. ಕಾಯ್ದೆಯ ಭಾಷೇಲಿ ಅದಕ್ಕೆ ಬೇರೆ ಹೆಸರಿದೆ.

ಇತಿಹಾಸದಲ್ಲೂ ಇವೆರಡು ಅಷ್ಟೇನೂ ದೂರ ಇಲ್ಲ. ಹಾರೋ ಹಕ್ಕಿಯ ರೆಕ್ಕೆ ಹೇಗೆ ಚಲಿಸುತ್ತೆ ಅಂತ ನೋಡೋಕೆ ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ ಅನ್ನೋ ವಿಜ್ಞಾನಿ 1882ರಲ್ಲಿ ಒಂದು ಕ್ಯಾಮೆರಾ ಮಾಡಿದ. ಅದು ಇದ್ದಿದ್ದು ಬಂದೂಕಿನ ಆಕಾರದಲ್ಲಿ. ಹೆಗಲಿಗೆ ಒತ್ತಿ, ಗುರಿ ಇಟ್ಟು, ಕುದುರೆ ಒತ್ತಿದರೆ ಸೆಕೆಂಡಿಗೆ 12 ಚಿತ್ರ. ಇವತ್ತು ನಮ್ಮ ಕೈಲಿರೋದು ಸೆಕೆಂಡಿಗೆ 20, 30 ತೆಗೆಯುತ್ತೆ, ಹಕ್ಕಿಯ ಕಣ್ಣನ್ನ ತಾನೇ ಹುಡುಕಿ ಹಿಡಿಯುತ್ತೆ. ಒಂದು ಕಾಲಕ್ಕೆ ಹಾರೋ ಹಕ್ಕಿಯನ್ನ ಚೂಪಾಗಿ ಹಿಡಿಯೋದೇ ದೊಡ್ಡ ಸಾಹಸ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಎಂ.ವೈ. ಘೋರ್ಪಡೆ, ಮೂಡಿಗೆರೆಯಲ್ಲಿ ತೇಜಸ್ವಿ, ಇವರೆಲ್ಲ ಫಿಲ್ಮ್ ಕಾಲದೋರು. ರೋಲಿಗೆ 36 ಚಿತ್ರ, ಫೋಕಸ್ ಕೈಯಲ್ಲೇ. ಅವರ ಕಾಲ ಸತ್ಯಯುಗ ಅಂತ ನಾನು ಹೇಳ್ತಿಲ್ಲ. ಆ ತಲೆಮಾರಿನ ಹಕ್ಕಿ ಚಿತ್ರಗಳಲ್ಲಿ ಗೂಡಿನ ಚಿತ್ರ ಸಾಮಾನ್ಯವಾಗಿತ್ತು. ಈಗ ತಿಳಿದೋರು ಗೂಡಿನ ಫೋಟೋ ತೆಗೆಯಲ್ಲ, ಎಷ್ಟೋ ಸ್ಪರ್ಧೆಗಳು ಅದನ್ನ ತಗೊಳ್ಳೋದೂ ಇಲ್ಲ. ಅಂದ್ರೆ ಈ ಹವ್ಯಾಸ ಒಮ್ಮೆ ತನ್ನನ್ನ ತಾನು ತಿದ್ದಿಕೊಂಡಿದೆ. ಗೂಡಿನ ವಿಷಯದಲ್ಲಿ ಆಗಿದ್ದು ಎಬ್ಬಿಸೋ ವಿಷಯದಲ್ಲಿ ಯಾಕೆ ಆಗಬಾರದು? ಚೂಪುತನದ ಕಷ್ಟವನ್ನ ಯಂತ್ರ ವಹಿಸಿಕೊಂಡಾಯ್ತು. ನಮಗೆ ಅಂತ ಉಳಿದಿರೋದು ಎಲ್ಲಿ ಕೂರಬೇಕು, ಎಷ್ಟು ಹೊತ್ತು ಕಾಯಬೇಕು ಅನ್ನೋದು ಮಾತ್ರ. ಅಷ್ಟನ್ನೂ ಕಲ್ಲಿಗೆ ವಹಿಸಿಬಿಟ್ಟರೆ ಆ ಫೋಟೋದಲ್ಲಿ ನಮ್ಮದು ಏನಿದೆ?

ಇದನ್ನ ಹೇಳಿದಾಗಲೆಲ್ಲ ಬರೋ ಉತ್ತರಗಳು ನನಗೆ ಬಾಯಿಪಾಠ ಆಗಿವೆ.

ಒಂದು: "ಮೀನುಗಾರರು, ನಾಯಿಗಳು, ದನ ದಿನಾ ಎಬ್ಬಿಸ್ತಾವೆ. ನಾವು ವಾರಕ್ಕೊಮ್ಮೆ ಎಬ್ಬಿಸಿದರೆ ಏನಾಯ್ತು?" ಮೀನುಗಾರ ತೆಪ್ಪದಲ್ಲಿ ಹೋಗೋದು ಹೊಟ್ಟೆಪಾಡಿಗೆ. ಅವನು ಹೋಗ್ತಾ ಇರ್ತಾನೆ, ಹಕ್ಕಿ ಪಕ್ಕಕ್ಕೆ ಸರಿದು ಮತ್ತೆ ಕೂರುತ್ತೆ. ಅವನು ಅದೇ ಗುಂಪಿನ ಹಿಂದೆ ಮೂರು ಸಲ ತಿರುಗಿ ಬರಲ್ಲ. ನಾವು ಬರ್ತೀವಿ, 'ಇನ್ನೊಂದ್ಸಲ, ಬೆಳಕು ಸರಿ ಬರ್ಲಿಲ್ಲ' ಅಂತ. ಇನ್ನೊಂದು ವಿಷಯ, ಆ ಹಕ್ಕಿಗೆ ಈಗಾಗಲೇ ಅಷ್ಟು ಕಾಟ ಇದೆ ಅಂದ್ರೆ, ನಮ್ಮದೂ ಒಂದಿರಲಿ ಅನ್ನೋದು ಯಾವ ನ್ಯಾಯ?

ಎರಡು: "ಗುಡ್ಡದ ತುಂಬ ವಿಂಡ್‌ಮಿಲ್, ಕಾವಲೆಲ್ಲ ಸರ್ಕಾರದ ಪಾಲು. ಅದನ್ನ ಬಿಟ್ಟು ನಮ್ಮ ಒಂದು ಕಲ್ಲಿನ ಮೇಲೆ ಯಾಕ್ರೀ ಕಣ್ಣು?" ಇದು ಸುಲಭದ ಪ್ರಶ್ನೆ ಅಲ್ಲ. ಚಳ್ಳಕೆರೆ ಕಡೆ ಅಮೃತ ಮಹಲ್ ಕಾವಲಿನ ಸುಮಾರು 10 ಸಾವಿರ ಎಕರೆ ಹುಲ್ಲುಗಾವಲು ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯ್ತು. ಹಕ್ಕಿ ಹಾರ್ತಿದ್ದ ಜಾಗದಲ್ಲಿ ಈಗ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆ ನಡೆಯುತ್ತೆ. ವಿಂಡ್‌ಮಿಲ್ ವಿಷಯಕ್ಕೆ ಬಂದರೆ, ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಜೊತೆಗಾರರು ಮಹಾರಾಷ್ಟ್ರದ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯ್ತು. ಫ್ಯಾನುಗಳಿರೋ ಕಡೆ ಬೇಟೆಗಾರ ಹಕ್ಕಿಗಳು, ಇಲ್ಲದಿರೋ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ ಅಂತ ಅವರು ಕಂಡುಕೊಂಡರು. ಆ ದೊಡ್ಡ ಹಾನಿಯ ಮುಂದೆ ನನ್ನ ಹುಡುಗನ ಕಲ್ಲು ಸಣ್ಣದೇ. ಒಪ್ಪಿದೆ. ಆದ್ರೆ ಕಾವಲು ಹೋಗಿದ್ದಕ್ಕೇ ಉಳಿದ ತುಂಡಿನ ಬೆಲೆ ಹೆಚ್ಚಾಗಿರೋದು. ಹತ್ತು ಜಾಗ ಇದ್ದಾಗ ಒಂದು ಕಡೆ ಎಬ್ಬಿಸಿದರೆ ಇನ್ನೊಂದು ಕಡೆ ಹೋಗ್ತಿತ್ತು. ಎರಡೇ ಉಳಿದಾಗ ಎಲ್ಲಿಗೆ ಹೋಗಬೇಕು?

ಹೋದ ಜನವರಿ, ಹಿರಿಯೂರಿನ ಆಚೆ ಒಂದು ಹುಲ್ಲುಬಯಲು. ಜಾಗದ ಹೆಸರು ಹೇಳಲ್ಲ. ಸಂಜೆ ಹ್ಯಾರಿಯರ್‌ಗಳು, ಕನ್ನಡದಲ್ಲಿ ಸೆಳೆವ ಅಂತಾರೆ, ಒಂದೊಂದಾಗಿ ಬಂದು ಹುಲ್ಲಿನೊಳಗೆ ಇಳೀತಾ ಇದ್ವು. ಈ ಹದ್ದಿನ ಜಾತಿಯವು ರಾತ್ರಿ ಮಲಗೋದು ಮರದಲ್ಲಲ್ಲ, ನೆಲದ ಮೇಲೆ, ಹುಲ್ಲಿನ ಮಧ್ಯೆ. ಇವುಗಳಲ್ಲಿ ಮಾಂಟಗೂ ಹ್ಯಾರಿಯರ್ ಮರಿ ಮಾಡೋದು ಕಜಾಕಸ್ತಾನದ ಹುಲ್ಲುಗಾವಲಲ್ಲಿ. ಅಲ್ಲಿಂದ ಸಾವಿರಾರು ಕಿಲೋಮೀಟರ್ ಹಾರಿ, ಚಳಿಗಾಲ ಕಳೆಯೋಕೆ ನಮ್ಮ ಬಯಲಿಗೆ ಬರ್ತವೆ. ಆವತ್ತು ಮೂರು ಎಸ್‌ಯುವಿ ಹುಲ್ಲಿನೊಳಗೇ ನುಗ್ಗಿ ಅಡ್ಡಾದಿಡ್ಡಿ ಓಡಾಡಿದ್ವು. ಇಳಿದಿದ್ದ ಹಕ್ಕಿಗಳೆಲ್ಲ ಮತ್ತೆ ಎದ್ವು. ಕೆಂಪು ಆಕಾಶ, ಎದ್ದ ಹಕ್ಕಿ, ಕಾರಿನ ಕಿಟಕಿಯಿಂದ ಶಟರಿನ ಪಟಪಟ ಸದ್ದು. ಕತ್ತಲಾಗೋವರೆಗೂ ಅವು ಕೂರಲಿಲ್ಲ. ಕಜಾಕಸ್ತಾನದಿಂದ ಹಾರಿ ಬಂದ ಹಕ್ಕಿಯನ್ನ 'ಹಾರೋ ಭಂಗಿ ಬೇಕು' ಅಂತ ಎಬ್ಬಿಸೋದು ಇದೆಯಲ್ಲ, ಇದಕ್ಕೆ ಏನಂತ ಹೇಳೋದು ನೀವೇ ಹೇಳಿ.

ಮೂರು: "ಫೋಟೋ ನೋಡಿದರೆ ತಾನೇ ಜನಕ್ಕೆ ಹಕ್ಕಿ ಮೇಲೆ ಪ್ರೀತಿ ಬರೋದು? ನಾವೂ ಸಂರಕ್ಷಣೆಯ ಕೆಲಸಾನೇ ಮಾಡ್ತಿರೋದು." ಈ ಮಾತನ್ನ ನಾನೂ ಆಡ್ತಿದ್ದೆ. ಪ್ರೀತಿ ಬರೋದು ನಿಜ. ಪ್ರೀತಿ ಬಂದ ಮೇಲೆ ಜನ ಏನು ಮಾಡ್ತಾರೆ ಅನ್ನೋದೂ ನಿಜ: "ಬ್ರೋ, ಲೊಕೇಶನ್ ಪ್ಲೀಸ್" ಅಂತಾರೆ. ಮುಂದಿನ ವಾರ ಹತ್ತು ಕಾರು ಬರ್ತವೆ. ಭಾರತದ ಹಕ್ಕಿಗಳ ಸ್ಥಿತಿಗತಿ ಬಗ್ಗೆ 2023ರಲ್ಲಿ ಬಂದ ವರದಿ, ತಾನು ಪರಿಶೀಲಿಸಿದ 942 ಪ್ರಭೇದಗಳಲ್ಲಿ 178 ಪ್ರಭೇದಗಳನ್ನ ತುರ್ತಾಗಿ ಕಾಪಾಡಬೇಕಾದ ಪಟ್ಟಿಗೆ ಹಾಕಿದೆ. ಅದಕ್ಕೆ ಬೇಕಾದ ಮಾಹಿತಿ ಬಂದಿದ್ದು ಹವ್ಯಾಸಿಗಳು ಇ-ಬರ್ಡ್‌ನಲ್ಲಿ ಬರೆದ ಸಾದಾ ಪಟ್ಟಿಗಳಿಂದ: ಎಲ್ಲಿ, ಯಾವತ್ತು, ಯಾವ ಹಕ್ಕಿ, ಎಷ್ಟು. ಅದಕ್ಕೆ ಯಾವ ಹಕ್ಕಿಯನ್ನೂ ಎಬ್ಬಿಸಬೇಕಾಗಿರಲಿಲ್ಲ. ಅಪಾಯದಲ್ಲಿರೋ ಕೆಲವು ಪ್ರಭೇದಗಳ ನಿಖರ ಜಾಗವನ್ನ ಇ-ಬರ್ಡ್ ಕೂಡ ಎಲ್ಲರಿಗೂ ತೋರಿಸಲ್ಲ. ಹಿರಿಯೂರಿನ ಬಯಲಿನ ಹೆಸರನ್ನ ನಾನು ಮೇಲೆ ಹೇಳದೇ ಇದ್ದಿದ್ದಕ್ಕೂ ಅದೇ ಕಾರಣ.

ಈಗ ನನ್ನ ಬೇಡಿಕೆ. ಹಾರೋ ಹಕ್ಕಿಯ ಫೋಟೋ ಕಂಡಾಗ 'ವಾವ್' ಬರೆಯೋ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: "ಇದು ಯಾಕೆ ಹಾರ್ತಿತ್ತು?" ಮೀನು ಹಿಡಿಯೋಕೆ, ಗೂಡಿಗೆ ಹುಳ ತರೋಕೆ, ಮರಕ್ಕೆ ಹಿಂದಿರುಗೋಕೆ, ಹೀಗೆ ಏನಾದ್ರೂ ಉತ್ತರ ಇರುತ್ತೆ. ತೆಗೆದವರಿಗೆ ಉತ್ತರ ಗೊತ್ತಿಲ್ಲ ಅಂದ್ರೆ, ಅಥವಾ ಉತ್ತರ "ನಾನಿದ್ದೆ, ಅದಕ್ಕೆ" ಅಂತ ಆದ್ರೆ, ಲೈಕ್ ಒತ್ತಬೇಡಿ. ಸ್ಪರ್ಧೆಗಳ ತೀರ್ಪುಗಾರರು ಐಎಸ್‌ಒ, ಅಪರ್ಚರ್ ಕೇಳೋ ಹಾಗೆ ಇದನ್ನೂ ಕೇಳಲಿ. ದುಡ್ಡು ತಗೊಂಡು ಕರ್ಕೊಂಡು ಹೋಗೋರು ಎಬ್ಬಿಸೋಕೆ ಹೇಳಿದರೆ, ಅಲ್ಲೇ ಕ್ಯಾಮೆರಾ ಚೀಲಕ್ಕೆ ಹಾಕಿ, ದುಡ್ಡು ವಾಪಸ್ ಕೇಳಿ. ನಾನು ಆವತ್ತು ಕೇಳಲಿಲ್ಲ, ನೀವಾದರೂ ಕೇಳಿ. ಮಾರ್ಚಿಂದ ಆಗಸ್ಟ್‌ವರೆಗೆ ಹಿನ್ನೀರಿನ ಒಣಗಿದ ದಂಡೆ, ನಡುಗಡ್ಡೆ ಮೇಲೆ ಕಾಲಿಡೋ ಮುಂಚೆ, ಹಕ್ಕಿ ಕೂಗ್ತಾ ತಲೆ ಮೇಲೆ ಬಂದರೆ ಕ್ಯಾಮೆರಾ ಎತ್ತಬೇಡಿ, ಬಂದ ದಾರೀಲೇ ಹಿಂದಕ್ಕೆ ಹೋಗಿ. ಅದು ಪೋಸ್ ಕೊಡ್ತಿಲ್ಲ, ನಿಮ್ಮನ್ನ ಹೋಗು ಅಂತಿದೆ. ಆ ಅಜ್ಜನಿಗೆ ಅದು ಕೇಳಿಸ್ತಿತ್ತು. ನನ್ನ ಲಕ್ಷ ಚಿಲ್ಲರೆ ರೂಪಾಯಿ ಲೆನ್ಸಿಗೆ ಕೇಳಿಸಲಿಲ್ಲ.

ಕಲ್ಲಿನ ಹುಡುಗನ ಕಥೆ ಅರ್ಧಕ್ಕೆ ಬಿಟ್ಟೆ. "ಹಾಕಬೇಡ, ಇಲ್ಲೇ ಕೂತ್ಕೋ" ಅಂದೆ. ಅವನಿಗೆ ಬೇಜಾರಾಯ್ತು, ಐವತ್ತು ರೂಪಾಯಿ ಹೋಯ್ತಲ್ಲ. "ಕೂತ್ರೂ ಐವತ್ತು ಕೊಡ್ತೀನಿ, ಆದ್ರೆ ಕದಲಬಾರದು" ಅಂದಾಗ ಅನುಮಾನದಿಂದಲೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಹತ್ತು ನಿಮಿಷಕ್ಕೆ ಆಕಳಿಸಿದ. ಇಪ್ಪತ್ತು ನಿಮಿಷಕ್ಕೆ "ಅಣ್ಣಾ, ಇವು ಇವತ್ತು ಏಳಲ್ಲ ಬಿಡು" ಅಂದ. ಆಮೇಲೆ ಅವನೇ ಒಂದು ರೀವ ತೋರಿಸಿದ. "ಅದು ಆ ಕಡೆಯಿಂದ ಬರುತ್ತೆ ನೋಡು, ಆ ಜಾಲಿ ಮರದ ತಾವ ತಿರುಗುತ್ತೆ, ದಿನಾ ಹಂಗೇ." ನನಗೆ ಗೊತ್ತಿರಲಿಲ್ಲ. ಅವನು ಹೇಳಿದ ಕಡೆಗೇ ಲೆನ್ಸ್ ತಿರುಗಿಸಿ ಕಾದೆ. ಮೂರನೇ ಸುತ್ತಿಗೆ, ಜಾಲಿ ಮರದ ಹತ್ತಿರ, ರೀವ ನಮ್ಮ ಕಡೆ ಮುಖ ಮಾಡಿ ವಾಲಿ ತಿರುಗಿತು. ಬೆಳಗಿನ ಬಿಸಿಲು ಹಳದಿ ಕೊಕ್ಕಿನ ಮೇಲಿತ್ತು.

ಬಾತುಗಳು ಕೊನೆವರೆಗೂ ಏಳಲಿಲ್ಲ. ಅವುಗಳ ಒಂದು ಫೋಟೋನೂ ಇಲ್ಲ ನನ್ನ ಹತ್ತಿರ.

ಹುಡುಗನಿಗೆ ನೂರು ಕೊಟ್ಟೆ. ಹಕ್ಕಿ ಎಲ್ಲಿ ತಿರುಗುತ್ತೆ ಅಂತ ತಿಳಿದಿರೋದಕ್ಕೆ ಕಲ್ಲು ಹಾಕೋದಕ್ಕಿಂತ ಹೆಚ್ಚು ರೇಟು ಇರಬೇಕು ಅಂತ ನನ್ನ ಲೆಕ್ಕ. ಮುಂದಿನ ವಾರ ಅಲ್ಲಿಗೆ ಹೋಗೋ ಹತ್ತು ಕಾರಿನೋರೂ ಅದೇ ರೇಟು ಕೊಟ್ಟರೆ, ಅವನ ಕೈಯಲ್ಲಿ ಕಲ್ಲು ಇರಲ್ಲ. ಅವರು ಐವತ್ತು ಕೊಟ್ಟು ಕಲ್ಲು ಹಾಕಿಸಿದರೆ, ಅವನು ಕಲ್ಲೇ ಹಾಕ್ತಾನೆ. ಅವನನ್ನ ಬೈಯೋಕೆ ನಮಗೆ ಮುಖ ಇರಲ್ಲ.